ರಸೀದಿಯಲ್ಲಿ ‘ಪದವಿ’ ಎಂಬ ಪದವೇ ಇರಲಿಲ್ಲ: ಪತ್ರಿಕೋದ್ಯಮಕ್ಕೆ ಮಕ್ಕಳನ್ನು ಸೇರಿಸುವವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ‘ಪ್ರಶ್ನೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ’ ಎಂದು ಹೇಳಿಕೊಂಡು ಬಂದವನು. ಅಂಥವನೇ ಮಗಳನ್ನು ಕಾಲೇಜಿಗೆ ಸೇರಿಸುವಾಗ ಓದದೆ ಸಹಿ ಹಾಕಿ ಬಂದೆ. ಹೇಳಿಕೊಳ್ಳಲು ನಾಚಿಕೆ. ಆದರೆ ಈಗ ಪಿಯುಸಿ ಫಲಿತಾಂಶದ ಸಮಯ, ಆ ಕಾಲೇಜಿನವರ ಬ್ಯಾನರ್ ಮತ್ತೆ ಹಾವೇರಿ ಬಸ್ ನಿಲ್ದಾಣದ ಎದುರಿಗೇ ತೂಗುತ್ತಿದೆ. ಸುಮ್ಮನಿರಲು ಆಗಲಿಲ್ಲ.

ಮಗಳಿಗೆ ಪತ್ರಿಕೋದ್ಯಮವೇ ಬೇಕಿತ್ತು. ಧಾರವಾಡ, ಮೈಸೂರು, ಉಜಿರೆ ಎಂದು ವಿಚಾರಿಸುತ್ತಿದ್ದಾಗ ಬೆಂಗಳೂರಿನ ಒಂದು ‘ಮಾಧ್ಯಮ ಕಾಲೇಜಿ’ನಿಂದ ಫೋನ್ ಬಂತು. ಹೋದೆವು. ಬೇಕರಿಯ ಮೇಲಿನ ಎರಡನೇ ಮಹಡಿ. ಹಸಿರು ಪರದೆ, ಮೇಜು, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಮಗಳನ್ನು ಕೂರಿಸಿ ನಾಲ್ಕು ಸಾಲು ಸುದ್ದಿ ಓದಿಸಿದರು. ಅವಳ ಮುಖ ಅರಳಿದ್ದನ್ನು ನೋಡಿ ನಾನೂ ಕರಗಿದೆ. ಆ ಕ್ಯಾಮೆರಾದಲ್ಲಿ ಬ್ಯಾಟರಿಯೇ ಇಲ್ಲವೆಂದು ಅವಳಿಗೆ ತಿಳಿದದ್ದು ತರಗತಿ ಶುರುವಾದ ಮೂರನೇ ವಾರ! ‘ಎರಡೇ ಸೀಟು ಉಳಿದಿವೆ ಸರ್’ ಎಂದರು. ಕುಳಿತಲ್ಲೇ ಮೊಬೈಲ್‌ನಿಂದ 10,000 ಹಾಕಿದೆ, ವಾರದೊಳಗೆ ಇನ್ನೂ 75,000. ಮೂಲ ಅಂಕಪಟ್ಟಿ, ಟಿಸಿ ಎಲ್ಲವನ್ನೂ ಒಪ್ಪಿಸಿದೆ.

ಕಣ್ಣು ತೆರೆಸಿದ್ದು ನನ್ನದೇ ಹಳೆಯ ವಿದ್ಯಾರ್ಥಿ. ‘ಸರ್, ಅವಳದು ಯುಯುಸಿಎಂಎಸ್ ಅರ್ಜಿ ಆಯಿತೇ?’ ಎಂದು ಕೇಳಿದ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿಗೆ ಸೇರುವವರು ಆ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಬೇಕು. ನಮ್ಮನ್ನು ಯಾರೂ ಕೇಳಿಯೇ ಇರಲಿಲ್ಲ. ಅಂದು ರಾತ್ರಿ ರಸೀದಿ ತೆಗೆದು, ಕನ್ನಡಕ ಹಾಕಿಕೊಂಡು ಓದಿದೆ. ಮೇಲ್ಗಡೆ ಕಾಲೇಜಿನ ಹೆಸರಿಲ್ಲ, ಯಾವುದೋ ಟ್ರಸ್ಟ್. ಬಾಬತ್ತು: ತರಬೇತಿ ಶುಲ್ಕ. ಪದವಿ ಎಂಬ ಪದ ಎಲ್ಲೂ ಇಲ್ಲ. ತಿರುವಿ ಹಾಕಿ ಹಿಂಬದಿಯನ್ನೂ ನೋಡಿದೆ. ಇಲ್ಲ.

ಬೆಳಗ್ಗೆ ಫೋನ್ ಮಾಡಿದೆ. ‘ಪದವಿ ಇದೆ ಸರ್, ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದ್ದು. ಪರೀಕ್ಷೆಗೆ ಅಲ್ಲಿಗೆ ಹೋಗುವುದೂ ಬೇಡ.’ ಹೀಗೆ ರಾಜ್ಯದ ಗಡಿಯಾಚೆ ಬೇರೆಯವರಿಗೆ ತಮ್ಮ ಹೆಸರಿನಲ್ಲಿ ಕೋರ್ಸ್ ನಡೆಸಲು ಫ್ರಾಂಚೈಸಿ ಕೊಡುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಎಷ್ಟೋ ವರ್ಷಗಳಿಂದ ಹೇಳುತ್ತಿದೆಯಲ್ಲ ಎಂದರೆ, ‘ಚಾನೆಲ್‌ನವರು ಅಂಕಪಟ್ಟಿ ನೋಡುವುದಿಲ್ಲ ಸರ್, ಮುಖ ನೋಡುತ್ತಾರೆ’ ಎಂಬ ಉತ್ತರ. ಹಾಗಾದರೆ ಸೀಟೇ ಬೇಡ, ಹಣ ಕೊಡಿ, ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ ಎಂದೆ. ಅದಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು: ‘ಆ ನಿಯಮ ಕಾಲೇಜುಗಳಿಗೆ ಸರ್. ನಮ್ಮದು ತರಬೇತಿ ಕೇಂದ್ರ.’

ಸೇರಿಸಿಕೊಳ್ಳುವಾಗ ಕಾಲೇಜು, ಹಣ ಕೇಳಿದರೆ ತರಬೇತಿ ಕೇಂದ್ರ! ನೇರವಾಗಿ ಹೋಗಿ ಜಗಳವಾಡಿದಾಗ ಆ ಮೇಜಿನ ಹಿಂದಿನ ಹುಡುಗ, ನನ್ನ ವಿದ್ಯಾರ್ಥಿಯ ವಯಸ್ಸಿನವನು, ನಗುತ್ತಲೇ ಅಂದ: ‘ನೀವೇ ಮೇಷ್ಟ್ರು. ಓದದೆ ಸಹಿ ಹಾಕಿದಿರಾ?’ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ದಾಖಲೆ ಕೈಗೆ ಬರುವಷ್ಟರಲ್ಲಿ ಎಲ್ಲ ಕಡೆ ಪ್ರವೇಶ ಮುಗಿದಿತ್ತು. ಪಿಯು ಅಂಕಪಟ್ಟಿಯ ಮೂಲೆಯಲ್ಲಿ ಪಿನ್ನಿನ ತುಕ್ಕು, ಮಗಳದೊಂದು ವರ್ಷ ಹಾಳು. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಒಳ್ಳೆಯದಿತ್ತು.

ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದೆಂದು ಮೊದಲು ಕೇಳಿ. ಈ ವರ್ಷ ಪತ್ರಿಕೋದ್ಯಮಕ್ಕೆ ಆ ಕಾಲೇಜಿಗೆ ಸಂಯೋಜನೆ (ಅಫಿಲಿಯೇಷನ್) ಇದೆಯೇ ಎಂಬುದನ್ನು ಆ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ ಕೇಳಿ, ಬ್ಯಾನರಿನವರನ್ನಲ್ಲ. ಮೂಲ ಅಂಕಪಟ್ಟಿಯನ್ನು ತೋರಿಸಿ, ಕೊಡಬೇಡಿ. ಕ್ಯಾಮೆರಾ ತೋರಿಸಿದರೆ ಆನ್ ಮಾಡಿಸಿ!

ಹಣ ಇನ್ನೂ ಬಂದಿಲ್ಲ. ‘ನಮ್ಮದು ತರಬೇತಿ ಕೇಂದ್ರ’ ಎಂಬ ಅವರ ಸಂದೇಶವನ್ನು ಎರಡು ಪ್ರತಿ ಮುದ್ರಿಸಿಕೊಂಡಿದ್ದೇನೆ. ಒಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಇನ್ನೊಂದನ್ನು ಬಸ್ ನಿಲ್ದಾಣದ ಎದುರಿನ ಆ ಬ್ಯಾನರಿನ ಮೇಲೇ ಅಂಟಿಸಬೇಕೆಂದಿದ್ದೆ, ಮಗಳು ಬೇಡವೆಂದಳು.