ಮೇಲ್ ಎಲ್ಲಾ ಮೂವ್ ಆಯ್ತು ಅಂದ ತಕ್ಷಣ ಹಳೇ ಕಂಪ್ಯೂಟರ್ ಫಾರ್ಮ್ಯಾಟ್ ಮಾಡೋಕೆ ಬಿಡ್ಬೇಡಿ

ಔಟ್‌ಲುಕ್ ಅನ್ನೋ ಮೇಲ್ ಪ್ರೋಗ್ರಾಮ್ ಬಿಟ್ಟು ಥಂಡರ್‌ಬರ್ಡ್ ಅನ್ನೋ ಇನ್ನೊಂದಕ್ಕೆ ಹೋಗೋ ಪ್ಲ್ಯಾನ್ ಇರೋರು ಇದನ್ನ ಓದಿ ಆಮೇಲೆ ಕೈ ಹಾಕಿ. ನಮ್ಮ ಆಫೀಸಲ್ಲಿ ಈ ಕೆಲಸನ ಹೊರಗಿನೋರಿಗೆ ಕೊಟ್ಟಿದ್ರು, ಹೆಸರು ಬೇಡ ಬಿಡಿ, ಅರ್ಧ ದಿನದಲ್ಲಿ ಮುಗಿಸ್ಕೊಡ್ತೀವಿ ಅಂದ್ರು, ಮುಗಿಸಿಯೂ ಬಿಟ್ರು, ನಮ್ಮ ಹಳೇ ಮೇಲ್‌ಗಳ ಕಥೆನೂ ಸೇರಿಸಿ.

ಅವರು ಮಾಡಿದ್ದಿಷ್ಟೇ. ಹೊಸ ಮಷಿನ್‌ಗೆ ಥಂಡರ್‌ಬರ್ಡ್ ಹಾಕಿದ್ರು, ಐಡಿ ಪಾಸ್‌ವರ್ಡ್ ಹೊಡೆದ್ರು, ಇನ್‌ಬಾಕ್ಸಲ್ಲಿ ಮೇಲ್ ಬಂದು ಕೂತ್ಕೊಂಡ್ವು, "ನೋಡಿ ಸಾರ್, ಎಲ್ಲಾ ಬಂತು" ಅಂದ್ರು. ಹಳೇದ್ರಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡ್ಕೊಂಡು ಫಾರ್ಮ್ಯಾಟ್. ಆಮೇಲೆ ಯಾರೋ ಹಳೇ ಬಿಲ್ ಹುಡುಕೋಕೆ ಹೋದಾಗಲೇ ಗೊತ್ತಾಗಿದ್ದು, ಇರೋದು ಬರೀ ಈಚಿನ ಎರಡು ವಾರದ ಮೇಲ್ ಮಾತ್ರ, ಸೆಂಟ್ ಐಟಮ್ಸ್ ಅಂತೂ ಪೂರ್ತಿ ಖಾಲಿ.

ಯಾಕೆ ಅಂದ್ರೆ ನಮ್ಮದು ಪಾಪ್ ಅಕೌಂಟ್. ಸರ್ವರಿಂದ ಮೇಲ್ ತರಿಸೋಕೆ ಪಾಪ್, ಐಮ್ಯಾಪ್ ಅಂತ ಎರಡು ವಿಧಾನ ಇವೆ. ಐಮ್ಯಾಪ್ ಆಗಿದ್ರೆ ಮೇಲ್ ಸರ್ವರಲ್ಲೇ ಇರುತ್ತೆ, ಯಾವ ಪ್ರೋಗ್ರಾಮಿಂದ ನೋಡಿದ್ರೂ ಅದೇ ಕಾಣುತ್ತೆ. ಪಾಪ್ ಹಾಗಲ್ಲ, ಮೇಲ್‌ನ ಕಂಪ್ಯೂಟರ್‌ಗೆ ಇಳಿಸ್ಕೊಂಡು ಸಾಮಾನ್ಯವಾಗಿ ತಕ್ಷಣ ಇಲ್ಲಾ ಸ್ವಲ್ಪ ದಿನ ಬಿಟ್ಟು ಸರ್ವರಿಂದ ಅಳಿಸಿಬಿಡುತ್ತೆ, ಔಟ್‌ಲುಕ್‌ನ ಪಾಪ್ ಸೆಟಿಂಗಲ್ಲಿ 14 ದಿನ ಆದ್ಮೇಲೆ ಸರ್ವರಿಂದ ತೆಗಿ ಅಂತ ಒಂದು ಆಪ್ಷನ್ ಇರುತ್ತೆ, ನಮ್ಮಲ್ಲಿ ಅದಕ್ಕೆ ಟಿಕ್ ಬಿದ್ದಿತ್ತು. ಕಳಿಸಿದ ಮೇಲ್ ಕಥೆ ಇನ್ನೂ ಬೇರೆ, ಪಾಪ್‌ಗೆ ಸೆಂಟ್ ಫೋಲ್ಡರ್ ಅನ್ನೋದೇ ಗೊತ್ತಿಲ್ಲ, ಅದು ಆ ಕಂಪ್ಯೂಟರಿನ ಪಿಎಸ್‌ಟಿ ಫೈಲಲ್ಲಿ, ಅಂದ್ರೆ ಔಟ್‌ಲುಕ್ ಮೇಲ್‌ಗಳನ್ನ ತುಂಬಿಡೋ ಫೈಲಲ್ಲಿ, ಮಾತ್ರ ಇರುತ್ತೆ. ನಮ್ಮ ಪಿಎಸ್‌ಟಿ ಇದ್ದಿದ್ದು ಆಪ್‌ಡೇಟಾ ಅನ್ನೋ ಹಿಡನ್ ಫೋಲ್ಡರ್ ಒಳಗೆ. ಡಾಕ್ಯುಮೆಂಟ್ಸ್ ಕಾಪಿ ಮಾಡಿದ್ರೆ ಅದೆಲ್ಲಿ ಬರುತ್ತೆ? ಕ್ಲಾಸಿಕ್ ಔಟ್‌ಲುಕ್‌ನ ಅಕೌಂಟ್ ಸೆಟಿಂಗ್ಸ್ ಒಳಗೆ ಡೇಟಾ ಫೈಲ್ಸ್ ಅನ್ನೋ ಟ್ಯಾಬಲ್ಲಿ ಪಿಎಸ್‌ಟಿ ಎಲ್ಲಿದೆ ಅಂತ ಸಾಲು ಸಾಲಾಗಿ ತೋರ್ಸುತ್ತೆ, ಒಂದು ನಿಮಿಷದ ಕೆಲಸ, ದುಡ್ಡು ತಗೊಂಡು ಬಂದೋರು ಅಷ್ಟೂ ನೋಡ್ಲಿಲ್ಲ.

ಪುಣ್ಯಕ್ಕೆ ಎಕ್ಸ್‌ಟರ್ನಲ್ ಡಿಸ್ಕಲ್ಲಿ ಒಂದು ಹಳೇ ಪಿಎಸ್‌ಟಿ ಕಾಪಿ ಸಿಕ್ತು. ಆದ್ರೆ ಥಂಡರ್‌ಬರ್ಡ್ ಮೇಲ್ ಇಡೋದು ಎಂಬಾಕ್ಸ್ ಫಾರ್ಮ್ಯಾಟಲ್ಲಿ, ಪಿಎಸ್‌ಟಿನ ಸುಮ್ನೆ ತಂದು ಕೊಟ್ರೆ ತೆಗೆಯಲ್ಲ. ನೆಟ್ಟಲ್ಲಿ ಸಿಗೋ "ಫ್ರೀ" ಕನ್ವರ್ಟರ್‌ಗಳಲ್ಲಿ ಎಷ್ಟೋ ಪ್ರತಿ ಫೋಲ್ಡರಿಂದ ಒಂದಿಷ್ಟು ಮೇಲ್ ತೆಗೆದು ಆಮೇಲೆ ದುಡ್ಡು ಕೇಳ್ತವೆ, ಇನ್ನು ಪಿಎಸ್‌ಟಿನ ಅಪ್‌ಲೋಡ್ ಮಾಡಿ ಅನ್ನೋ ಸೈಟ್‌ಗಳ ಹತ್ರ ಹೋಗ್ಲೇಬೇಡಿ, ವರ್ಷಗಟ್ಟಲೆ ಪತ್ರವ್ಯವಹಾರನ ಗುರುತಿಲ್ಲದೋರ ಕೈಗೆ ಕೊಟ್ಟ ಹಾಗೆ. ಲಿನಕ್ಸ್ ಗೊತ್ತಿರೋರಿದ್ರೆ ಪಿಎಸ್‌ಟಿನ ಎಂಬಾಕ್ಸ್‌ಗೆ ಬದಲಾಯಿಸೋ ರೀಡ್‌ಪಿಎಸ್‌ಟಿ ಅನ್ನೋ ಟೂಲ್ ಇದೆ, ನಮ್ಮ ಹಳೇ ಕಾಪಿ ಬಿಡಿಸಿದ್ದು ಅದ್ರಲ್ಲೇ.

ಹಳೇ ಔಟ್‌ಲುಕ್ ಇನ್ನೂ ಓಡ್ತಾ ಇದ್ರೆ ಇಷ್ಟೆಲ್ಲಾ ತಲೆನೋವೇ ಬೇಡ. ಅದೇ ಔಟ್‌ಲುಕಲ್ಲಿ ಒಂದು ಐಮ್ಯಾಪ್ ಅಕೌಂಟ್ ಸೇರಿಸಿ, ಹಳೇ ಫೋಲ್ಡರ್‌ಗಳನ್ನ ಅದ್ರೊಳಗೆ ಕಾಪಿ ಮಾಡಿ, ಮೂವ್ ಬೇಡ, ಕಾಪಿನೇ ಮಾಡಿ, ಮಧ್ಯದಲ್ಲಿ ನೆಟ್ ಹೋದ್ರೆ ಅಥ್ವಾ ಮೇಲ್‌ಬಾಕ್ಸಲ್ಲಿ ಜಾಗ ಮುಗಿದ್ರೆ ಕೊನೇಪಕ್ಷ ಮೂಲ ಉಳಿದಿರುತ್ತೆ. ಆಮೇಲೆ ಥಂಡರ್‌ಬರ್ಡಲ್ಲಿ ಅದೇ ಐಮ್ಯಾಪ್ ಅಕೌಂಟ್ ಹಾಕಿದ್ರೆ ಎಲ್ಲಾ ಬರುತ್ತೆ. ಎರಡೂ ಕಡೆ ಪ್ರತಿ ಫೋಲ್ಡರಲ್ಲಿ ಎಷ್ಟು ಮೇಲ್ ಇದೆ ಅಂತ ನೀವೇ ಕೂತು ತಾಳೆ ನೋಡಿ, ಹಳೇ ಮೇಲೊಂದು ತೆಗೆದು ಅಟ್ಯಾಚ್‌ಮೆಂಟ್ ಓಪನ್ ಆಗುತ್ತಾ ಅಂತಾನೂ ನೋಡಿ.

ಕಾಂಟ್ಯಾಕ್ಟ್ಸ್ ಕಥೆ ಕೇಳಿದ್ರೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ. ಸಿಎಸ್‌ವಿಗೆ, ಅಂದ್ರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಬರೀ ಅಕ್ಷರದ ಫೈಲ್‌ಗೆ, ಎಕ್ಸ್‌ಪೋರ್ಟ್ ಮಾಡಿದ್ರು, ಅಲ್ಲಿವರೆಗೆ ಸರಿ. "ಸ್ವಲ್ಪ ಕ್ಲೀನ್ ಮಾಡ್ತೀವಿ" ಅಂತ ಅದನ್ನ ಎಕ್ಸೆಲಲ್ಲಿ ತೆಗೆದು ಸೇವ್ ಮಾಡಿದ್ರು. ಕನ್ನಡದಲ್ಲಿದ್ದ ಹೆಸರೆಲ್ಲಾ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಆಯ್ತು, ನಂಬರ್ ಮುಂದಿನ ಸೊನ್ನೆ, ಪ್ಲಸ್ ಎರಡೂ ಮಾಯ, ದೇಶದ ಕೋಡ್ ಸೇರಿ 12 ಅಂಕಿ ಇದ್ದ ನಂಬರ್‌ಗಳು "ಇ ಪ್ಲಸ್ 11" ಅಂತ ಮುದುಡಿಕೊಂಡ್ವು. ಸಿಎಸ್‌ವಿಗೆ ಸೇವ್ ಮಾಡುವಾಗ ಎಕ್ಸೆಲ್ ಸ್ಕ್ರೀನಲ್ಲಿ ಹೇಗೆ ಕಾಣುತ್ತೋ ಹಾಗೇ ಬರೆದಿಡುತ್ತೆ, ಹಾಗಾಗಿ ಉಳಿದ ಅಂಕಿ ವಾಪಸ್ ಬರಲ್ಲ. ತಿದ್ದಲೇಬೇಕು ಅಂದ್ರೆ ನೋಟ್‌ಪ್ಯಾಡಲ್ಲಿ ತೆಗೀರಿ, ಕನ್ನಡ ಅಕ್ಷರ ಕೆಡದ ಹಾಗೆ ಉಳಿಸೋ ಯುಟಿಎಫ್-8 ಎನ್‌ಕೋಡಿಂಗಲ್ಲಿ ಸೇವ್ ಮಾಡಿ. ಗ್ರೂಪ್‌ಗಳು, ಅಂದ್ರೆ ಡಿಸ್ಟ್ರಿಬ್ಯೂಷನ್ ಲಿಸ್ಟ್, ಔಟ್‌ಲುಕಿನ ಸಿಎಸ್‌ವಿಲಿ ಬರೋದೇ ಇಲ್ಲ, ಅದರಲ್ಲಿ ಯಾರ್ಯಾರಿದ್ರು ಅಂತ ಮೊದಲೇ ಬರೆದಿಟ್ಕೊಳ್ಳಿ.

ಈಗಾಗ್ಲೇ ಫಾರ್ಮ್ಯಾಟ್ ಆಗೋಗಿದ್ರೆ ಆ ಕಂಪ್ಯೂಟರ್‌ನ ತಕ್ಷಣ ಆಫ್ ಮಾಡಿ, ಒಳಗಿನ ಡಿಸ್ಕ್ ಬಿಚ್ಚಿಡಿ, ಅದ್ರ ಮೇಲೆ ಇನ್ನೇನೂ ಬರೀಬಾರ್ದು. ಹಳೇ ಹಾರ್ಡ್‌ಡಿಸ್ಕ್ ಆದ್ರೆ ರಿಕವರಿ ಸಾಫ್ಟ್‌ವೇರಲ್ಲಿ ಪಿಎಸ್‌ಟಿ ಸಿಗೋ ಚಾನ್ಸ್ ಇದೆ. ಎಸ್‌ಎಸ್‌ಡಿ, ಅಂದ್ರೆ ತಿರುಗೋ ತಟ್ಟೆ ಇಲ್ಲದ ಚಿಪ್ ಡಿಸ್ಕ್, ಆದ್ರೆ ತುಂಬಾ ಕಮ್ಮಿ, ಅಳಿಸಿದ ಜಾಗನ ಅದು ತಾನಾಗೇ ಖಾಲಿ ಮಾಡ್ಕೊಳ್ಳುತ್ತೆ. ನಮ್ಮದು ಎಸ್‌ಎಸ್‌ಡಿ.