ಊರಿಗೆ ಹೋಗಿ ಕಾಗದ ಬರೀತೀವಿ: ಎನ್‌ಬಿಎ ಡ್ರಾಫ್ಟ್‌ನ ‘ಹೋಗಿ ನೋಡಿ ಬಾ’ ಸೌಲಭ್ಯಕ್ಕೆ ಮೂರೂವರೆ ಸ್ಟಾರ್

ಮಿಕ್ಸಿ, ಕುಕ್ಕರ್, ಮಂಡಿಗೆ ಕಟ್ಟುವ ಬೆಲ್ಟು, ಹೀಗೆ ಕೊಂಡಿದ್ದಕ್ಕೆಲ್ಲ ರಿವ್ಯೂ ಬರೆಯುವುದು ರಿಟೈರ್ ಆದ ಮೇಲೆ ನನಗೆ ಅಂಟಿದ ಚಾಳಿ. ಈ ಸಲದ್ದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರಿಗೆ ಇರುವ ಒಂದು ಸೌಲಭ್ಯ ಇದು. ಎನ್‌ಬಿಎ ಅಂದರೆ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಎರಡು ಸುತ್ತಿನಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಕಾಲೇಜು ಮುಗಿಯುವ ಮೊದಲೇ ಆ ಡ್ರಾಫ್ಟ್‌ಗೆ ಹೆಸರು ಕೊಡಬಹುದು. ಲೀಗ್‌ನ ತಂಡಗಳ ಕಣ್ಣಿಗೆ ತನ್ನ ಬೆಲೆ ಎಷ್ಟು ಅಂತ ತಿಳಿದುಕೊಳ್ಳಬಹುದು. ಸರಿ ಬರಲಿಲ್ಲ ಅಂದರೆ ಗಡುವಿನೊಳಗೆ ಹೆಸರು ವಾಪಸ್ ತೆಗೆದುಕೊಂಡು ಕಾಲೇಜಿಗೆ ಮರಳಬಹುದು.

‘ಅಪ್ಪ, ನೀನು ಬಳಸೇ ಇಲ್ವಲ್ಲ, ಸ್ಟಾರ್ ಹೇಗೆ ಕೊಡ್ತೀಯ?’ ಅಂತ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: 1983ರಲ್ಲಿ ನನಗೆ ಇಂಥದ್ದೊಂದು ಬೇಕಿತ್ತು. ಇರಲಿಲ್ಲ.

ಆಗ ಮೈಸೂರಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದೆ. ಎತ್ತರ ಆರಡಿ ಎರಡಿಂಚು. ನಮ್ಮ ಕ್ಲಬ್ಬಿನ ಸಿಮೆಂಟ್ ಕೋರ್ಟಿಗೆ ಅದು ಜಾಸ್ತಿಯೇ. ಒಂದು ಬ್ಯಾಂಕಿನ ತಂಡದವರು ನೋಡಿ, ಸ್ಪೋರ್ಟ್ಸ್ ಕೋಟಾದಲ್ಲಿ ಕ್ಲರ್ಕ್ ಕೆಲಸ ಕೊಡುತ್ತೇವೆ ಅಂದರು. ಹದಿನೈದು ದಿನದಲ್ಲಿ ಸೇರಬೇಕು. ಅಪ್ಪ ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ‘ಬಾಗಿಲಿಗೆ ಬಂದ ಲಕ್ಷ್ಮೀನ ಒದೀಬೇಡ’ ಅಂದರು. ಸೇರಿದೆ. ಆರು ವರ್ಷ ಆಡಿದೆ, ಮಂಡಿ ಹೋಯಿತು, ಉಳಿದ ಮೂವತ್ತನಾಲ್ಕು ವರ್ಷ ಕೌಂಟರಿನಲ್ಲಿ ಕೂತೆ. ಬಿಟ್ಟ ಬಿ.ಕಾಂ. ಅನ್ನು ಮೂವತ್ತೊಂದನೇ ವಯಸ್ಸಿನಲ್ಲಿ, ಮಗಳು ತೊಡೆ ಮೇಲೆ ಮಲಗಿರುವಾಗ, ಅಂಚೆ ತೆರಪಿನಲ್ಲಿ ಮುಗಿಸಿದೆ.

ಕೆಲಸವನ್ನು ಬೈಯುತ್ತಿಲ್ಲ. ಮನೆ ಕಟ್ಟಿದ್ದು ಅದರಲ್ಲೇ. ಆದರೆ ಆ ಹದಿನೈದು ದಿನದಲ್ಲಿ ‘ನಿನ್ನ ಆಟ ಇಷ್ಟರದ್ದು, ಇನ್ನೊಂದು ವರ್ಷ ಕಾದರೆ ಹೀಗೆ’ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಹೋಗಿ ನೋಡಿ ವಾಪಸ್ ಬರುವ ದಾರಿಯಂತೂ ಇರಲೇ ಇಲ್ಲ.

2023ರ ಅಕ್ಟೋಬರ್‌ನಲ್ಲಿ ನಾನೂ ನಮ್ಮ ಮನೆಯವರೂ ಮಗಳ ಮನೆಗೆ ಹೋದೆವು. ಇಂಡಿಯಾನಾದ ವೆಸ್ಟ್ ಲಫಾಯೆಟ್, ಪರ್ಡ್ಯೂ ಯೂನಿವರ್ಸಿಟಿ ಇರುವ ಊರು. ಅಲ್ಲಿನ ತಂಡದ ಹೆಸರು ಬಾಯ್ಲರ್‌ಮೇಕರ್ಸ್, ಗುರುತು ರೈಲು ಎಂಜಿನ್. ಅಪ್ಪ ಇದ್ದಿದ್ದರೆ ಅಷ್ಟಕ್ಕೇ ಆ ತಂಡದ ಕಡೆ ಆಗಿಬಿಡುತ್ತಿದ್ದರು. ಅಲ್ಲಿಯ ಚಳಿಗಾಲದಲ್ಲಿ ನಮ್ಮಂಥವರಿಗೆ ಕಿಟಕಿ ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಳಿಯ ಪಾಪ, ನನ್ನನ್ನು ಮ್ಯಾಕಿ ಅರೀನಾಕ್ಕೆ ಕರೆದುಕೊಂಡು ಹೋದರು. 1967ರಲ್ಲಿ ತೆರೆದ ದುಂಡನೆಯ ಕಟ್ಟಡ. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತದೆ. ಅದರ ಗದ್ದಲ ಹೇಗೆಂದರೆ, ದಸರಾದ ಕುಶಾಲತೋಪನ್ನು ಅಂಬಾವಿಲಾಸದ ಒಳಗೇ ಹಾರಿಸಿದ ಹಾಗೆ.

ಅಲ್ಲಿ ಝ್ಯಾಕ್ ಈಡಿಯನ್ನು ನೋಡಿದೆ. ಟೊರಾಂಟೊದ ಹುಡುಗ, ಏಳಡಿ ನಾಲ್ಕಿಂಚು. ಚಿಕ್ಕಂದಿನಲ್ಲಿ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದವನು, ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಹೈಸ್ಕೂಲಿಗೆ ಬಂದ ಮೇಲೆ. ರಿಂಗಿನ ಕೆಳಗೆ ಸುಮ್ನೆ ನಿಂತರೆ ಸಾಕು, ಎದುರಿನ ಇಬ್ಬರು ಹುಡುಗರು ಅವನನ್ನು ತಳ್ಳಿ ತಳ್ಳಿ ಸುಸ್ತಾಗುತ್ತಿದ್ದರು. ಅಳಿಯ ನನ್ನ ಕಿವಿ ಹತ್ತಿರ ಬಂದು ಕೂಗಿದರು: ‘ಮಾವ, ಇವನು ಈ ವರ್ಷ ಇಲ್ಲಿ ಇರಬಾರದಿತ್ತು!’

ಕಥೆ ಹೀಗಿದೆ. ಹಿಂದಿನ ವರ್ಷವೇ ಇವನು ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಪರ್ಡ್ಯೂ ರಾಷ್ಟ್ರೀಯ ಟೂರ್ನಿಗೆ ತನ್ನ ವಿಭಾಗದ ಒಂದನೇ ಶ್ರೇಯಾಂಕದ ತಂಡವಾಗಿ ಹೋಯಿತು. ಮೊದಲ ಪಂದ್ಯದಲ್ಲೇ ಹದಿನಾರನೇ, ಅಂದರೆ ಕಟ್ಟಕಡೆಯ ಶ್ರೇಯಾಂಕದ ಫೇರ್ಲೆ ಡಿಕಿನ್ಸನ್ ಎದುರು 63–58ಕ್ಕೆ ಸೋತಿತು. ಪುರುಷರ ಟೂರ್ನಿಯಲ್ಲಿ ಒಂದನೇಯವರು ಹದಿನಾರನೇಯವರಿಗೆ ಸೋತದ್ದು ಅದು ಎರಡನೇ ಸಲ ಮಾತ್ರ. ಊರೆಲ್ಲ ನಗುವಂಥ ಸೋಲು. ಅದಾದ ಮೇಲೆ ಈಡಿ ಡ್ರಾಫ್ಟ್‌ಗೆ ಹೆಸರು ಕೊಟ್ಟ.

ಈಗ ಸೌಲಭ್ಯ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಓದಿದವರು ಇದನ್ನು ಏನೇನೋ ಕರೆಯುತ್ತಾರೆ. ನನಗೆ ಕಂಡದ್ದು ಹೆಣ್ಣು ನೋಡುವ ಶಾಸ್ತ್ರ. ಏಪ್ರಿಲ್ ಕೊನೆಗೆ ಹೆಸರು ಕೊಡಬೇಕು. ಅದಕ್ಕೂ ಮೊದಲೇ ಜಾತಕ ತೋರಿಸುವ ವ್ಯವಸ್ಥೆಯೂ ಇದೆ. ಎನ್‌ಬಿಎಯದ್ದೇ ಒಂದು ಸಲಹಾ ಸಮಿತಿ, ತಂಡಗಳ ಅಧಿಕಾರಿಗಳೇ ಅದರಲ್ಲಿರುತ್ತಾರೆ. ‘ನೀನು ಮೊದಲ ಸುತ್ತಿನಲ್ಲಿ ಹೋಗಬಹುದು’, ‘ಎರಡನೇ ಸುತ್ತು’, ‘ಯಾರೂ ಕರೆಯಲಿಕ್ಕಿಲ್ಲ’ ಅಂತ ಅಂದಾಜು ಹೇಳುತ್ತಾರೆ. ಅಂದಾಜು ಅಷ್ಟೇ, ಮಾತು ಕೊಟ್ಟ ಹಾಗಲ್ಲ. ಮೇ ತಿಂಗಳ ನಡುವೆ ಚಿಕಾಗೋದಲ್ಲಿ ಕಂಬೈನ್ ಅಂತ ಒಂದು ವಾರ. ಕರೆದವರು ಮಾತ್ರ ಹೋಗಬೇಕು. ಬೂಟು ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಕೈ ಚಾಚಿಸಿ ಅಳೆಯುತ್ತಾರೆ. ಅಂಗೈ ಉದ್ದ, ಅಗಲ ಕೂಡ. ನೆಗೆಸುತ್ತಾರೆ, ಓಡಿಸುತ್ತಾರೆ. ಆಮೇಲೆ ಒಂದೊಂದು ತಂಡದವರೂ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ‘ಹಾಡು ಬರುತ್ತಾ’ ಅನ್ನುವುದೊಂದು ಬಾಕಿ. ಎಲ್ಲ ಆದ ಮೇಲೆ ಕೇಸರಿಬಾತ್, ಬೋಂಡ ತಿಂದವರ ಹಾಗೆ ಎದ್ದು ಹೊರಡುತ್ತಾರೆ. ಊರಿಗೆ ಹೋಗಿ ಕಾಗದ ಬರೀತೀವಿ!

ವ್ಯತ್ಯಾಸ ಏನೆಂದರೆ, ಕಾಗದ ಬರುವುದಕ್ಕೆ ಮೊದಲೇ ಹೆಣ್ಣು ತಾನಾಗಿ ‘ನನಗೆ ಈ ವರ್ಷ ಬೇಡ’ ಅನ್ನಬಹುದು. ಈ ಸೌಲಭ್ಯದ ಪ್ರಾಣ ಇರುವುದು ಅಲ್ಲೇ. ಕಂಬೈನ್ ಮುಗಿದು ಹತ್ತು ದಿನ, ಅದು ಕಾಲೇಜು ಆಟದ ಸಂಸ್ಥೆ ಎನ್‌ಸಿಎಎ ಹಾಕಿದ ಗಡುವು.

ಈಡಿಗೆ ಸಿಕ್ಕ ಅಂದಾಜು ಚೆನ್ನಾಗಿರಲಿಲ್ಲ. ಎನ್‌ಬಿಎ ಆಟ ಈಗ ಮೂರು ಪಾಯಿಂಟ್ ಗೆರೆಯ ಕಡೆಗೆ ಓಡಿದೆ, ರಿಂಗಿನ ಕೆಳಗಿನ ದೈತ್ಯ ಹೊರಗೆ ಬಂದು ಕಾಯಬಲ್ಲನೇ ಅನ್ನುವ ಅನುಮಾನ. ಎರಡನೇ ಸುತ್ತು, ಇಲ್ಲವೇ ಅದೂ ಇಲ್ಲ ಅಂತ ಪತ್ರಿಕೆಯವರ ಲೆಕ್ಕ. ಬ್ಯಾಂಕಿನವನ ಭಾಷೆಯಲ್ಲಿ ಹೇಳುತ್ತೇನೆ. ಮೊದಲ ಸುತ್ತು ಫಿಕ್ಸೆಡ್ ಡೆಪಾಸಿಟ್ ಇದ್ದ ಹಾಗೆ. ಯಾವ ಸಂಖ್ಯೆಗೆ ಎಷ್ಟು ಸಂಬಳ ಅಂತ ಪಟ್ಟಿಯೇ ಇದೆ, ಎರಡು ವರ್ಷಕ್ಕೆ ಖಾತ್ರಿ, ಮುಂದಿನ ಎರಡು ತಂಡದ ಇಷ್ಟ. ಎರಡನೇ ಸುತ್ತು ಚೀಟಿ ಹಾಕಿದ ಹಾಗೆ. ಬಂದರೆ ಬಂತು. 2023ರ ಮೇ 31, ಗಡುವಿನ ಕೊನೆಯ ದಿನ. ಈಡಿ ಹೆಸರು ವಾಪಸ್ ತೆಗೆದುಕೊಂಡ.

ನಾನು ನೋಡಿದ್ದು ಅದರ ಮುಂದಿನ ಚಳಿಗಾಲ. ಪಂದ್ಯಕ್ಕೆ 25 ಪಾಯಿಂಟ್‌ಗೂ ಮೇಲೆ ಸರಾಸರಿ. ಸತತ ಎರಡನೇ ವರ್ಷ ದೇಶದ ಅತ್ಯುತ್ತಮ ಆಟಗಾರ. 1980ರ ದಶಕದ ಮೊದಲಲ್ಲಿ ರಾಲ್ಫ್ ಸ್ಯಾಂಪ್ಸನ್ ಬಿಟ್ಟರೆ ಆಮೇಲೆ ಯಾರಿಗೂ ಆಗದ್ದು. ಪರ್ಡ್ಯೂ 1969ರ ನಂತರ ಮೊದಲ ಬಾರಿ ಫೈನಲ್ ತಲುಪಿತು. ಫೈನಲ್ 2024ರ ಏಪ್ರಿಲ್ 8ಕ್ಕೆ, ನಮ್ಮ ವಿಮಾನ 10ಕ್ಕೆ. ಹಾಲಿನ ತುಂಬ ಸೂಟ್‌ಕೇಸು ಹರಡಿತ್ತು. ನಮ್ಮ ಮನೆಯವರು ಒಂದೊಂದನ್ನೂ ಎತ್ತಿ ತೂಕ ಹಾಕಿ ‘ಇನ್ನೂ ಎರಡು ಕೆ.ಜಿ. ಹಿಡಿಯುತ್ತೆ’ ಅನ್ನುತ್ತಿದ್ದರು. ನಾನು ಮುಚ್ಚದ ಒಂದು ಪೆಟ್ಟಿಗೆಯ ಮೇಲೆ ಕೂತು ಟಿವಿ ನೋಡುತ್ತಿದ್ದೆ. ಕನೆಕ್ಟಿಕಟ್ 75, ಪರ್ಡ್ಯೂ 60. ಆ ಅರವತ್ತರಲ್ಲಿ ಮೂವತ್ತೇಳು ಈಡಿಯದ್ದು. ಜೂನ್‌ನ ಡ್ರಾಫ್ಟ್‌ನಲ್ಲಿ ಮೆಂಫಿಸ್ ಗ್ರಿಜ್ಲೀಸ್ ತಂಡ ಅವನನ್ನು ಮೊದಲ ಸುತ್ತಿನಲ್ಲೇ ಒಂಬತ್ತನೆಯವನಾಗಿ ಕರೆದುಕೊಂಡಿತು. ಅಳಿಯ ವಾಟ್ಸಾಪಿನಲ್ಲಿ ಕಳಿಸಿದ ಸುದ್ದಿಯನ್ನು ನಾನು ಬೆಳಗಿನ ಕಾಫಿ ಹೊತ್ತಿಗೆ ಓದಿದೆ. ಎರಡನೇ ಸುತ್ತು ಅಂದವರ ಮುಖ ನೋಡಬೇಕಿತ್ತು!

ಇದೇ ಪರ್ಡ್ಯೂನಲ್ಲಿ ಕೇಲಬ್ ಸ್ವಾನಿಗನ್ ಕೂಡ 2016ರಲ್ಲಿ ಹೀಗೇ ಹೋಗಿ ನೋಡಿ ಬಂದ, ಮರುವರ್ಷ ಮೊದಲ ಸುತ್ತಿನಲ್ಲೇ 26ನೆಯವನಾಗಿ ಹೋದ. ಕಂಬೈನ್ ನೋಡಿ ಆಮೇಲೆ ತೀರ್ಮಾನ ಮಾಡಬಹುದು ಅನ್ನುವ ಈಗಿನ ಗಡುವು ಶುರುವಾದದ್ದೇ ಆ ವರ್ಷ. ಅದಕ್ಕೂ ಮುಂಚಿನ ಕೆಲವು ವರ್ಷ ಕಾಲೇಜಿನ ಗಡುವು ಏಪ್ರಿಲ್‌ನಲ್ಲೇ ಮುಗಿದುಹೋಗುತ್ತಿತ್ತು. ಹೆಣ್ಣು ನೋಡಲು ಬರುವ ಮೊದಲೇ ಛತ್ರ ಬುಕ್ ಮಾಡಿ ಅಂದ ಹಾಗೆ.

ಆ ಹಳೆಯ ವ್ಯವಸ್ಥೆಯಲ್ಲಿ ಹೊರಟವನು ಸಿಮ್ ಭುಲ್ಲರ್. ಅವನೂ ಟೊರಾಂಟೊ ಕಡೆಯವನೇ, ಪಂಜಾಬಿ ಮನೆಯ ಹುಡುಗ, ಏಳಡಿ ಐದಿಂಚು. ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡು ವರ್ಷ ಆಡಿ 2014ರಲ್ಲಿ ಕಾಲೇಜು ಬಿಟ್ಟ. ಡ್ರಾಫ್ಟ್‌ನಲ್ಲಿ ಯಾರೂ ಹೆಸರು ಕರೆಯಲಿಲ್ಲ. ಮರುವರ್ಷ ಸ್ಯಾಕ್ರಮೆಂಟೊ ತಂಡ ಹತ್ತು ದಿನದ ಕರಾರು ಕೊಟ್ಟಿತು, ಮೂರು ಪಂದ್ಯ ಆಡಿದ. ಎನ್‌ಬಿಎಯಲ್ಲಿ ಆಡಿದ ಭಾರತ ಮೂಲದ ಮೊದಲಿಗ ಅಂತ ನಮ್ಮ ಪೇಪರಿನಲ್ಲೂ ಬಂದಿತ್ತು. ಇನ್ನೆರಡು ವರ್ಷ ಕಾಲೇಜಿನಲ್ಲಿ ಇದ್ದಿದ್ದರೆ ಈಡಿ ಆಗುತ್ತಿದ್ದ ಅಂತ ನಾನು ಹೇಳುವುದಿಲ್ಲ. ಮಂಡಿ ಯಾವಾಗ ಹೋಗುತ್ತದೆ ಅಂತ ಯಾರಿಗೆ ಗೊತ್ತು. ಆದರೆ ಚಿಕಾಗೋ ನೋಡಿದ ಮೇಲೆ ಯೋಚಿಸಲು ಹತ್ತು ದಿನ ಅವನಿಗೂ ಸಿಗಬೇಕಿತ್ತು.

ಇನ್ನು ಸ್ಟಾರ್ ಕಡಿಮೆ ಮಾಡಿದ್ದು ಎಲ್ಲಿ ಅಂತ.

ಅರ್ಧ ಸ್ಟಾರ್ ಗಡುವಿಗೆ. ಹತ್ತು ದಿನ ಇಲ್ಲದ್ದಕ್ಕಿಂತ ವಾಸಿ, ಆದರೆ ಸಾಲದು. ಎನ್‌ಬಿಎಯ ಸ್ವಂತ ಗಡುವು ಡ್ರಾಫ್ಟ್‌ಗೆ ಹತ್ತು ದಿನ ಮುಂಚೆ, ಅಂದರೆ ಜೂನ್ ನಡುವಿಗೆ. ಕಾಲೇಜಿನದ್ದು ಮೇ ಕೊನೆಗೇ ಮುಗಿಯುತ್ತದೆ. ಹುಡುಗ ಇನ್ನೂ ಊರೂರು ಸುತ್ತಿ ತಂಡಗಳ ಮುಂದೆ ಆಡಿ ತೋರಿಸುತ್ತಿರುವಾಗಲೇ ವಾಪಸ್ ಬರುವ ಬಾಗಿಲು ಮುಚ್ಚಿರುತ್ತದೆ. ಕೋಚ್‌ಗಳಿಗೆ ಮುಂದಿನ ವರ್ಷದ ತಂಡ ಕಟ್ಟಬೇಕು, ಅವರ ಕಷ್ಟವೂ ನಿಜ. ಆದರೂ ಇಪ್ಪತ್ತು ವರ್ಷದವನ ಬದುಕಿನ ಲೆಕ್ಕದಲ್ಲಿ ಎರಡು ವಾರ ಹೆಚ್ಚು ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಪೂರ್ತಿ ಒಂದು ಸ್ಟಾರ್ ವೀಸಾಕ್ಕೆ. ಎನ್‌ಬಿಎ ತಪ್ಪಲ್ಲ ಇದು, ಗೊತ್ತು. ಆದರೂ ‘ಇರು ಅಥವಾ ಹೋಗು’ ಅನ್ನುವ ತಕ್ಕಡಿ ಎಲ್ಲರಿಗೂ ಒಂದೇ ಅಲ್ಲ ಅನ್ನುವುದನ್ನು ಬರೆಯಲೇಬೇಕು. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಬಹುದು. ಈಡಿ ಕೆನಡಾದವನು, ಎಫ್-1 ವಿದ್ಯಾರ್ಥಿ ವೀಸಾ. ದೇಶದ ಅತ್ಯುತ್ತಮ ಆಟಗಾರನಾದರೂ ಅವನ ಪಕ್ಕದಲ್ಲಿ ಬೆಂಚು ಕಾಯುವ ಅಮೆರಿಕದ ಹುಡುಗ ಮಾಡಬಹುದಾದ ಜಾಹೀರಾತನ್ನು ಅವನು ಅಲ್ಲಿ ಕೂತು ಮಾಡುವಂತಿರಲಿಲ್ಲ. ಇದನ್ನು ಕೇಳಿ ಮಗಳು ನಕ್ಕಳು. ಅವಳೂ ಎಂ.ಎಸ್. ಓದುವಾಗ ಅದೇ ವೀಸಾದಲ್ಲಿ ಇದ್ದವಳು. ವಾರಕ್ಕೆ ಇಪ್ಪತ್ತು ಗಂಟೆ, ಅದೂ ಕ್ಯಾಂಪಸ್ಸಿನೊಳಗೆ ಮಾತ್ರ. ಕ್ಯಾಂಟೀನಿನಲ್ಲಿ ತಟ್ಟೆ ಒರೆಸುತ್ತಿದ್ದಳಂತೆ. ನಮಗೆ ಹೇಳಿದ್ದು ‘ಲೈಬ್ರರಿ ಕೆಲಸ’ ಅಂತ. ಏಳಡಿ ನಾಲ್ಕಿಂಚಿನವನಿಗೂ ನನ್ನ ಮಗಳಿಗೂ ಒಂದೇ ಕಾನೂನು ಅಂತ ಕೇಳಿ ಯಾಕೋ ಅವನು ಇನ್ನೂ ಹತ್ತಿರದವನು ಅನ್ನಿಸಿದ.

ದುಡ್ಡಿನ ಮಾತು ಬಂದದ್ದಕ್ಕೆ ಇದೊಂದು. ಈಗ ತಕ್ಕಡಿ ತಿರುಗಿದೆ. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಒಂದು ಕಾಲೇಜಿಗೆ ಮೊದಲ ವರ್ಷಕ್ಕೆ ಎಲ್ಲ ಆಟಗಳೂ ಸೇರಿ ಸುಮಾರು 2.05 ಕೋಟಿ ಡಾಲರ್ ಮಿತಿ. ಮೊದಲೇ ಡ್ರಾಫ್ಟ್‌ಗೆ ಹೆಸರು ಕೊಡುವವರು 2021ರಲ್ಲಿ 353 ಇದ್ದರು. 2025ರಲ್ಲಿ 106. ಎರಡನೇ ಸುತ್ತಿನ ಚೀಟಿಗಿಂತ ಕಾಲೇಜಿನ ಸಂಬಳವೇ ಜಾಸ್ತಿ ಅಂದ ಮೇಲೆ ಯಾರು ಹೋಗುತ್ತಾರೆ? ಇದನ್ನು ‘ಓದಿಗಾಗಿ ಉಳಿದ’ ಅಂತ ಪೇಪರಿನವರು ಬರೆದರೆ ಮಾತ್ರ ನನಗೆ ಸ್ವಲ್ಪ ಉರಿಯುತ್ತದೆ. ಯಾಕ್ಸೆಲ್ ಲೆಂಡೆಬೋರ್ಗ್ ಅನ್ನುವ ಹುಡುಗ 2025ರಲ್ಲಿ ಡ್ರಾಫ್ಟ್‌ನಿಂದ ಹೆಸರು ತೆಗೆದುಕೊಂಡ. ಮರಳಿದ್ದು ತನ್ನ ಕಾಲೇಜಿಗಲ್ಲ, ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ಯೂನಿವರ್ಸಿಟಿ (ಯುಎಬಿ) ಬಿಟ್ಟು ಮಿಶಿಗನ್ ಯೂನಿವರ್ಸಿಟಿಗೆ. ತಪ್ಪು ಅನ್ನುತ್ತಿಲ್ಲ. ನನಗೆ ಯಾರಾದರೂ ಹಾಗೆ ಕೊಟ್ಟಿದ್ದರೆ ಬಿ.ಕಾಂ. ಅನ್ನು ಹತ್ತು ವರ್ಷ ಓದುತ್ತಿದ್ದೆ.

ಉಳಿದ ಮೂರೂವರೆ ಸ್ಟಾರ್ ಆ ವಾಪಸ್ ಬರುವ ಬಾಗಿಲಿಗೆ.

ಈಗ ಸಂಜೆ ಹೊತ್ತು ನಮ್ಮ ಹಳೆಯ ಕ್ಲಬ್ಬಿಗೆ ಹೋಗಿ ಕೂರುತ್ತೇನೆ. ಕೋರ್ಟು ಅದೇ ಸಿಮೆಂಟು, ಮೇಲೆ ಬಣ್ಣ ಬಳಿದಿದ್ದಾರೆ. ಅಲ್ಲೊಬ್ಬ ಹುಡುಗ ಎರಡನೇ ವರ್ಷದ ಬಿಬಿಎ, ಆರಡಿ ಐದಿಂಚು. ಒಂದು ಇಲಾಖೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸ್‌ಗೆ ಕರೆ ಬಂದಿದೆ. ಕ್ಯಾಂಪು ಸೇರಿ ಒಂದು ತಿಂಗಳು ಆಗುತ್ತದಂತೆ. ‘ಸರ್, ಹೋದ್ರೆ ಅಟೆಂಡೆನ್ಸ್ ಶಾರ್ಟೇಜ್ ಆಗುತ್ತೆ, ಸೆಲೆಕ್ಟ್ ಆಗದಿದ್ರೆ ವರ್ಷಾನೇ ಹೋಗುತ್ತೆ, ಏನ್ ಮಾಡ್ಲಿ?’ ಅಂತ ಕೇಳಿದ. ಬೂಟು ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕೈ ಚಾಚಿಸಿದೆ, ನೆಗೆಸಿದೆ. ಎಲ್ಲವನ್ನೂ ಹಳೆಯ ಬ್ಯಾಂಕ್ ಡೈರಿಯಲ್ಲಿ ಬರೆದುಕೊಂಡು ‘ಎರಡು ದಿನ ಬಿಟ್ಟು ಹೇಳ್ತೀನಿ’ ಅಂದೆ.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಒಗ್ಗರಣೆ ಸೌಟು ಹಿಡಿದುಕೊಂಡೇ ಆಚೆ ಬಂದರು. ‘ಪಾಪದ ಹುಡುಗನಿಗೆ ನೀವೂ ಕಾಗದ ಬರೀತೀವಿ ಅಂದು ಬಂದ್ರಾ?’

ಗುರುವಾರ ನಾನೂ ಅವನೂ ಅವನ ಪ್ರಿನ್ಸಿಪಾಲರನ್ನು ನೋಡಲು ಹೋಗುತ್ತಿದ್ದೇವೆ. ಸೆಲೆಕ್ಟ್ ಆಗದೆ ಬಂದರೆ ಕ್ಲಾಸಿಗೆ ಸೇರಿಸಿಕೊಳ್ಳುತ್ತೇವೆ ಅಂತ ಒಂದು ಕಾಗದ ಬರೆಸಿಕೊಳ್ಳಬೇಕು. ಸೀಲು ಹಾಕಿಸಿ.