ತಿರುಗಿಸುವ ನಕ್ಷತ್ರ ಚಕ್ರ: ಉಡುಪಿಯ ಟೆರೇಸಿನಲ್ಲಿ ನಾಲ್ಕು ವರ್ಷ

2021ರ ನವೆಂಬರಿನಲ್ಲಿ ಕೊಂಡ ಪ್ಲಾನಿಸ್ಫಿಯರ್ ಇದು. ಮನೆಯಲ್ಲಿ ಎಲ್ಲರೂ ನಕ್ಷತ್ರ ಚಕ್ರ ಅಂತಲೇ ಕರೆಯುತ್ತೇವೆ. ಊಟದ ತಟ್ಟೆಯಷ್ಟು ಅಗಲದ ಎರಡು ರಟ್ಟು, ಮಧ್ಯೆ ಒಂದು ರಿವೆಟ್. ಕೆಳಗಿನ ರಟ್ಟಿನಲ್ಲಿ ನಕ್ಷತ್ರಗಳು, ಮೇಲಿನದರಲ್ಲಿ ಒಂದು ಕಿಂಡಿ. ತಾರೀಕಿಗೆ ಗಂಟೆಯನ್ನು ಹೊಂದಿಸಿದರೆ ಈಗ ತಲೆಯ ಮೇಲಿರುವ ಆಕಾಶ ಕಿಂಡಿಯಲ್ಲಿ ಕಾಣುತ್ತದೆ. ಬ್ಯಾಟರಿ ಬೇಡ, ನೆಟ್ ಬೇಡ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ.

ಇದಕ್ಕೆ ಮೊದಲು ಒಂದನ್ನು ಆನ್‌ಲೈನಿನಲ್ಲಿ ತರಿಸಿ ಕೈಸುಟ್ಟುಕೊಂಡಿದ್ದೆ. ಅದು 50 ಡಿಗ್ರಿ ಅಕ್ಷಾಂಶದ್ದು, ಅಂದರೆ ಯುರೋಪಿನ ಆಕಾಶ. ಅದರಲ್ಲಿ ಧ್ರುವ ನಕ್ಷತ್ರ ಎಲ್ಲೋ ಎತ್ತರದಲ್ಲಿ, ದಕ್ಷಿಣ ದಿಕ್ಕಿನ ಅಗಸ್ತ್ಯ ನಕ್ಷತ್ರ ಮತ್ತು ತ್ರಿಶಂಕು ನಕ್ಷತ್ರಪುಂಜ ಇಲ್ಲವೇ ಇಲ್ಲ. ಉಡುಪಿ ಇರುವುದು 13 ಡಿಗ್ರಿ ಚಿಲ್ಲರೆಯಲ್ಲಿ. ಇಲ್ಲಿ ಧ್ರುವ ದಿಗಂತದಿಂದ ಅಷ್ಟೇ ಮೇಲೆ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ, ಹಾಗಾಗಿ ಒಂದೂಕಾಲು ಮುಷ್ಟಿ ಎತ್ತರ. ನಮ್ಮ ಉತ್ತರದ ಬದಿಯ ತೆಂಗಿನ ಮರಗಳು ಅದನ್ನು ಪೂರ್ತಿ ಮುಚ್ಚುತ್ತವೆ. ಈಗಿನ ಚಕ್ರದ ಅಂಚಿನಲ್ಲಿ ‘13 ಡಿಗ್ರಿ ಉತ್ತರ’ ಅಂತ ಅಚ್ಚಾಗಿದೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಮೊದಲ ಕೆಲವು ತಿಂಗಳು ಒಂದು ವಿಷಯ ತುಂಬಾ ಕಾಡಿತು. ಚಕ್ರದಲ್ಲಿ ಆಗಲೇ ಹುಟ್ಟಿದ ನಕ್ಷತ್ರ ಆಕಾಶದಲ್ಲಿ ಇನ್ನೂ ಮೇಲೆ ಬಂದಿರುತ್ತಿರಲಿಲ್ಲ. ದಿನಾ ಹೀಗೆಯೇ, ಅರ್ಧ ಗಂಟೆ ತಡ. ಆಮೇಲೆ ಕಾರಣ ಗೊತ್ತಾಯಿತು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಉಡುಪಿ ಇರುವುದು 75ರ ಹತ್ತಿರ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಆಕಾಶ ಸುಮಾರು 31 ನಿಮಿಷ ಹಿಂದೆ. ಗಡಿಯಾರದಲ್ಲಿ ಎಂಟೂವರೆ ಆಗಿದ್ದರೆ ಚಕ್ರದಲ್ಲಿ ಎಂಟು ಗಂಟೆ ಇಡಬೇಕು. ಇದನ್ನು ಶುರು ಮಾಡಿದ ರಾತ್ರಿಯಿಂದ ಚಕ್ರ ಮತ್ತು ಆಕಾಶ ಸರಿಯಾಗಿ ಕೂಡಿಬಂದವು. ಚಕ್ರದ ಜೊತೆ ಕೊಟ್ಟ ಚೀಟಿಯಲ್ಲಿ ಈ ಮಾತು ಇರಲಿಲ್ಲ, ಇರಬೇಕಿತ್ತು.

ಇನ್ನೊಂದು ಗೊಂದಲ ಎಲ್ಲರಿಗೂ ಬರುತ್ತದೆ. ಇದರಲ್ಲಿ ಪೂರ್ವ, ಪಶ್ಚಿಮ ಅದಲುಬದಲಾಗಿ ಕಾಣುತ್ತವೆ. ಮೇಜಿನ ಮೇಲಿಟ್ಟು ನೋಡುವ ನಕ್ಷೆ ಅಲ್ಲ ಇದು. ತಲೆಯ ಮೇಲೆ ಹಿಡಿದು ಕೆಳಗಿನಿಂದ ನೋಡಬೇಕು, ಆಗ ಎಲ್ಲ ಸರಿಯಾಗುತ್ತದೆ.

ಡಿಸೆಂಬರಿನ ರಾತ್ರಿಯಿಂದ ಶುರು ಮಾಡಿದರೆ ಸುಲಭ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರ ಸಾಲಾಗಿ ಯಾರ ಕಣ್ಣಿಗೂ ಬೀಳುತ್ತವೆ. ಆ ಸಾಲನ್ನು ಒಂದು ಕಡೆ ಎಳೆದರೆ ಲುಬ್ಧಕ, ಇನ್ನೊಂದು ಕಡೆ ಎಳೆದರೆ ರೋಹಿಣಿ, ಅದರಾಚೆ ಕೃತ್ತಿಕೆಯ ಗೊಂಚಲು. ಅಮ್ಮನ ಜನ್ಮನಕ್ಷತ್ರ ರೋಹಿಣಿ. ದೇವಸ್ಥಾನದ ಅರ್ಚನೆಯಲ್ಲಿ ಎಪ್ಪತ್ತು ವರ್ಷ ಹೇಳಿಕೊಂಡು ಬಂದ ಹೆಸರು, ಆದರೆ ಅದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ. ಕುರ್ಚಿ ತಂದು ಕೂರಿಸಿ ತೋರಿಸಿದೆ. ಸೆರಗನ್ನು ತಲೆಗೆ ಎಳೆದುಕೊಂಡು ತುಂಬಾ ಹೊತ್ತು ನೋಡಿದರು. “ಇದಾ ರೋಹಿಣಿ? ಕೆಂಪು ಉಂಟಲ್ಲ ಮಾರಾಯ” ಅಂದರು. ಆ ಚಳಿಗಾಲ ಪೂರ್ತಿ ದಿನಾ ಊಟ ಆದ ಮೇಲೆ ಅವರೇ ಮೊದಲು ಟೆರೇಸಿಗೆ ಬರುತ್ತಿದ್ದರು.

ಅವರು ಕೇಳಿದ ಒಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆರ್ದ್ರಾ ಮಳೆ ಬರುವಾಗ ಆರ್ದ್ರಾ ನಕ್ಷತ್ರ ಎಲ್ಲಿರುತ್ತದೆ? ಚಕ್ರವನ್ನು ಜೂನ್ 22ರ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟೆವು. ಆರ್ದ್ರಾ ನಡು ಆಕಾಶದಲ್ಲಿ, ಹೆಚ್ಚುಕಡಿಮೆ ಸೂರ್ಯ ಇರುವ ಕಡೆಯೇ ಇತ್ತು! ಸೂರ್ಯ ಆ ನಕ್ಷತ್ರದ ಹತ್ತಿರ ಬಂದಾಗ ಬರುವ ಮಳೆಗೆ ಅದರ ಹೆಸರು. ಮೋಡ ಇಲ್ಲದಿದ್ದರೂ ಆಗ ಅದು ಕಾಣುವುದಿಲ್ಲ. ಫೋನಿನ ಆ್ಯಪ್‌ನಲ್ಲೂ ಇದನ್ನು ನೋಡಬಹುದು, ನಾನೂ ಆ್ಯಪ್ ಬಳಸುತ್ತೇನೆ. ಆದರೆ ಅದು ಹೆಸರನ್ನು ತಾನೇ ಹೇಳಿಬಿಡುತ್ತದೆ, ಮರುದಿನ ಮರೆತುಹೋಗುತ್ತದೆ. ಪರದೆಯ ಬೆಳಕಿಗೆ ಕಣ್ಣು ಕತ್ತಲಿಗೆ ಹೊಂದಿಕೊಂಡದ್ದೂ ಹಾಳು. ಚಕ್ರದಲ್ಲಿ ನಾವೇ ಹುಡುಕಬೇಕು, ಹುಡುಕಿದ್ದು ನೆನಪಲ್ಲಿ ಉಳಿಯುತ್ತದೆ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡರೆ ಸಾಕು.

ಕೊರತೆಗಳು ಇವೆ. ದಕ್ಷಿಣದ ಆಕಾಶ ಈ ಚಕ್ರದಲ್ಲಿ ಅಡ್ಡಕ್ಕೆ ಎಳೆದಂತೆ ಹಿಗ್ಗಿದೆ. ವೃಶ್ಚಿಕದ ಬಾಲ, ತ್ರಿಶಂಕು ಎರಡೂ ಆಕಾಶದಲ್ಲಿ ಕಾಣುವುದಕ್ಕಿಂತ ಜಾಸ್ತಿ ದೊಡ್ಡದು. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ಕಾಪು ಕಡಲತೀರದಲ್ಲಿ ದಕ್ಷಿಣಕ್ಕೆ ತಿರುಗಿ ನಿಂತಾಗ ದೊಡ್ಡ ಗಾಳಿಪಟವನ್ನೇ ಹುಡುಕುತ್ತಿದ್ದೆ. ತ್ರಿಶಂಕು ಅಷ್ಟರಲ್ಲಿ ನನ್ನ ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟದಾಗಿ, ನೀರಿನ ಮೇಲೆ ನೆಟ್ಟಗೆ ನಿಂತಿತ್ತು.

ಗ್ರಹಗಳೂ ಇದರಲ್ಲಿಲ್ಲ, ಅವು ಜಾಗ ಬದಲಾಯಿಸುತ್ತಲೇ ಇರುತ್ತವೆ ಅಲ್ವಾ. 2024ರ ಡಿಸೆಂಬರಿನಲ್ಲಿ ರೋಹಿಣಿಯ ಹತ್ತಿರ ಒಂದು ಬೆಳ್ಳಗಿನ ಚುಕ್ಕೆ ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತಿತ್ತು. ಅದು ಗುರು. ಚಕ್ರದಲ್ಲಿಲ್ಲ, ಆದರೆ ಹೊಳಪು ಜೋರು ಅಂದರೆ ಗ್ರಹ ಅಂತ ಈಗ ಅಮ್ಮನೇ ಹೇಳುತ್ತಾರೆ.

ನಮ್ಮ ಮಳೆಗಾಲಕ್ಕೆ ಈ ರಟ್ಟು ತಡೆಯುವುದಿಲ್ಲ. ಎರಡನೇ ಜೂನಿಗೆ ಅಂಚು ಉಬ್ಬಿತು, ಬೂಸ್ಟು ಹಿಡಿಯಿತು. ರಿವೆಟಿನ ತೂತು ಸಡಿಲಾಗಿ ಮೇಲಿನ ರಟ್ಟು ಅತ್ತಿತ್ತ ಜಾರತೊಡಗಿತು. ಕೊಡೆ ರಿಪೇರಿಯವರ ಹತ್ತಿರ ಹೊಸ ರಿವೆಟ್ ಹೊಡೆಸಿ, ಎರಡೂ ರಟ್ಟಿಗೆ ಲ್ಯಾಮಿನೇಶನ್ ಮಾಡಿಸಿದೆ. ಜೂನಿನಿಂದ ಸೆಪ್ಟೆಂಬರ್ ತನಕ ಅಕ್ಕಿ ಡಬ್ಬದ ಪಕ್ಕ, ಒಣಗಿದ ಜಾಗದಲ್ಲಿ ಇಡುತ್ತೇವೆ. ಅಕ್ಟೋಬರಿನಲ್ಲಿ ಮೋಡ ಹರಿದ ಮೊದಲ ರಾತ್ರಿ ಅಮ್ಮನೇ ಅದನ್ನು ತೆಗೆದು, ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಡುತ್ತಾರೆ.